ಜರ್ಮನಿಗೆ ಹೋದ ಸುಭಾಷಿತ

ಸಕಲೇಶಪುರದಲ್ಲಿ ಕಾಫಿ ಬೀಜ ಹದಮಾಡುವ ಒಂದು ವರ್ಕ್ಸಿನ ಗೇಟಿನ ಪಕ್ಕದಲ್ಲಿ ಒಂದು ಕಪ್ಪು ಹಲಗೆ ಇತ್ತು. ಅದರ ಮೇಲೆ ದಿನಕ್ಕೊಂದು ಸುಭಾಷಿತ ಬರೆಯುವ ಜವಾಬ್ದಾರಿಯನ್ನು ರುದ್ರಯ್ಯನವರಿಗೆ ಯಾರೂ ಕೊಟ್ಟಿರಲಿಲ್ಲ. ಅವರೇ ತೆಗೆದುಕೊಂಡಿದ್ದರು. ಅವರ ನಿಜವಾದ ಕೆಲಸ ಟೈಮ್ ಆಫೀಸಿನ ಗುಮಾಸ್ತಿಕೆ. ಕಾಫಿ ಬೀಜ ಆರಿಸಲು ಬರುವ ಹೆಂಗಸರು ಎಷ್ಟು ಹೊತ್ತಿಗೆ ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು ಎಂದು ಗುರುತು ಹಾಕಿಕೊಳ್ಳಬೇಕು. ಅದಕ್ಕೆ ದಿನದಲ್ಲಿ ಒಂದು ಗಂಟೆ ಸಾಕು. ಮಿಕ್ಕ ಏಳು ಗಂಟೆ ಲೋಕವನ್ನು ತಿದ್ದುವುದಕ್ಕೆ ಉಳಿಯುತ್ತಿತ್ತು.

ಅಕ್ಷರ ಮಾತ್ರ ನಿಜಕ್ಕೂ ಮುತ್ತು ಪೋಣಿಸಿದ ಹಾಗೆ. ಬೆಳಿಗ್ಗೆ ಸ್ನಾನ, ವಿಭೂತಿ, ಲಿಂಗಪೂಜೆ ಮುಗಿಸಿ ಬಂದು, ಒದ್ದೆ ಬಟ್ಟೆಯಿಂದ ಹಲಗೆ ಒರೆಸಿ, ಅಂಚಿಗೆ ಬಣ್ಣದ ಸೀಮೆಸುಣ್ಣದಲ್ಲಿ ಬಳ್ಳಿ ಬಿಡಿಸಿ, ನಡುವೆ ಸಾಲು ಬರೆಯುತ್ತಿದ್ದರು. ಎಲ್ಲವೂ ಸ್ವಂತ ರಚನೆ. ಹೊತ್ತು ನೋಡಿಕೊಂಡು ದುಡಿಯುವವರಿಗೆ ಶಿವ ಒಲಿಯುವುದಿಲ್ಲ ಎಂಬ ಅರ್ಥದ ಸಾಲು ತಿಂಗಳಿಗೆ ನಾಲ್ಕು ಸಲವಾದರೂ ಬರುತ್ತಿತ್ತು. ಬರೆಯುವವರ ಉದ್ಯೋಗವೇ ಹೊತ್ತು ನೋಡುವುದು ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಹದಿನೇಳು ವರ್ಷದಲ್ಲಿ ಆ ಹಲಗೆ ಓದಿ ಒಬ್ಬರಾದರೂ ತಿದ್ದಿಕೊಂಡ ದಾಖಲೆ ಇಲ್ಲ. ರುದ್ರಯ್ಯನವರಿಗೆ ಅದರಿಂದ ಬೇಸರವೂ ಇರಲಿಲ್ಲ. ಲೋಕ ಬೇಗ ತಿದ್ದಿಕೊಂಡುಬಿಟ್ಟರೆ ತಿದ್ದುವವರ ಗತಿ ಏನು?

ಎರಡು ಸಾವಿರದ ಒಂಬತ್ತರ ಜುಲೈ ತಿಂಗಳ ಮೊದಲ ಶುಕ್ರವಾರ ಅವರು ಪೇಪರು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು.

“ನೋಡ್ದೇನೇ? ದೇಶ ಕೆಟ್ಟೋಯ್ತು.”

“ಹೋದ ವಾರಾನೂ ಕೆಟ್ಟೋಗಿತ್ತಲ್ಲ,” ಎಂದರು ಹೆಂಡತಿ ಜಗದಾಂಬ. “ಇವತ್ತು ಯಾರು ಕೆಡಿಸಿದ್ರು?”

“ದೆಹಲಿ ಹೈಕೋರ್ಟು ಕಣೇ. ಗಂಡಸು ಗಂಡಸು ಒಪ್ಪಿ ಕೂಡಿದ್ರೆ ತಪ್ಪಿಲ್ವಂತೆ. ಹೆಂಗಸು ಹೆಂಗಸೂ ಅಷ್ಟೇ ಅಂತೆ.”

“ನಮ್ಮನೇಲಿ ಯಾರಾದ್ರೂ ಕೂಡ್ತಾವ್ರಾ?”

“ಥೂ! ಮಾತು ನೋಡು.”

“ಮತ್ತೆ ನಿಮಗ್ಯಾಕೆ? ಉಪ್ಪಿಟ್ಟು ಆರೋಗ್ತಾ ಐತೆ, ತಿನ್ನಿ.”

ರುದ್ರಯ್ಯನವರು ಉಪ್ಪಿಟ್ಟು ತಿಂದರು, ಆದರೆ ಸಿಟ್ಟು ಆರಲಿಲ್ಲ. ದಾರಿಯುದ್ದಕ್ಕೂ ಸಾಲು ಕಟ್ಟಿಕೊಂಡು ಬಂದು, ಅಂದು ಎಂದಿಗಿಂತ ಚೆಂದದ ಬಳ್ಳಿ ಬಿಡಿಸಿ, ಹೀಗೆ ಬರೆದರು: ‘ಗಂಡು ಗಂಡನ್ನು ಕೂಡುವುದೂ ಹೆಣ್ಣು ಹೆಣ್ಣನ್ನು ಕೂಡುವುದೂ ಶಿವದ್ರೋಹ. ಕೋರ್ಟು ಒಪ್ಪಿದರೂ ಕೈಲಾಸ ಒಪ್ಪದು.’ ಕೋರ್ಟು, ಕೈಲಾಸ ಎರಡೂ ಒಂದೇ ಅಕ್ಷರದಿಂದ ಶುರುವಾದದ್ದು ಅವರಿಗೆ ದೈವಸಂಕಲ್ಪದಂತೆ ಕಂಡಿತು. ಕೈಲಾಸದ ತೀರ್ಪು ಇಷ್ಟು ಬೇಗ ಇವರ ಕೈಗೆ ಹೇಗೆ ಸೇರಿತು ಎಂದು ಯಾರೂ ಕೇಳಲಿಲ್ಲ.

ಬೀಜ ಆರಿಸುವ ಹೆಂಗಸರು ಓದಿ, ಸೆರಗನ್ನು ಬಾಯಿಗೆ ಒತ್ತಿ ನಕ್ಕು ಒಳಗೆ ಹೋದರು. ತೂಕದ ಗುಮಾಸ್ತ ದಾಸಯ್ಯ ಮಾತ್ರ ಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಇಪ್ಪತ್ತು ವರ್ಷದಿಂದ ಇಬ್ಬರೂ ಸ್ಟೋರಿನ ಹಿಂದಿನ ಕಲ್ಲುಬೆಂಚಿನ ಮೇಲೆ ಅಕ್ಕಪಕ್ಕ ಕುಳಿತು ಮಧ್ಯಾಹ್ನದ ಊಟ ಮಾಡುವವರು.

“ಹೆಂಗೈತೆ ಮಾರಾಯ?” ಎಂದು ರುದ್ರಯ್ಯನವರು ಕೇಳಿದರು.

“ಅಕ್ಷರ ಚೆನ್ನಾಗೈತೆ,” ಎಂದು ದಾಸಯ್ಯ ಒಳಗೆ ಹೋದರು. ಅಂದು ಮಧ್ಯಾಹ್ನ ಬೆಂಚಿನ ಹತ್ತಿರ ಬರಲಿಲ್ಲ. ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡರು ರುದ್ರಯ್ಯನವರು.

ಅದೇ ದಿನ ಹನ್ನೊಂದು ಗಂಟೆಗೆ ಕಾಫಿ ಕೊಳ್ಳುವ ಜರ್ಮನ್ ಕಂಪನಿಯ ಹೆಂಗಸೊಬ್ಬಳು ಕಾರಿನಿಂದ ಇಳಿದಳು. ಕಾಫಿ ಚೆನ್ನಾಗಿದ್ದರೆ ಸಾಲದು, ಅದನ್ನು ಮುಟ್ಟಿದ ಕೈಗಳೂ ಚೆನ್ನಾಗಿರಬೇಕು ಎಂಬ ಜಾತಿಯ ಕಂಪನಿ ಅದು. ಅವಳನ್ನು ಕರೆದುಕೊಂಡು ಬಂದ ಮ್ಯಾನೇಜರ್ ಅಭಿಲಾಷ್ ಮಾಲೀಕರ ತಮ್ಮನ ಮಗ. ಊಟಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವನು. ಕನ್ನಡ ಮಾತಾಡುತ್ತಿದ್ದ, ಬೈಯುವುದಕ್ಕೂ ಬರುತ್ತಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ. ಹೆಂಗಸು ಹಲಗೆಯ ಮುಂದೆ ನಿಂತು, ಬಳ್ಳಿಯನ್ನೂ ಅಕ್ಷರಗಳನ್ನೂ ನೋಡಿ ಮರುಳಾಗಿ, ಏನು ಬರೆದಿದೆ ಎಂದು ಕೇಳಿದಳು. ಅಭಿಲಾಷ್ ಗಳಿಗೆ ಹೊತ್ತು ಹಲಗೆ ನೋಡಿದ.

“ಪ್ರೀತಿಯಿಂದ ಬೆಳೆದ ಕಾಫಿಗೆ ರುಚಿ ಹೆಚ್ಚು ಅಂತ,” ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟ.

ಅವಳು ಎದೆಯ ಮೇಲೆ ಕೈ ಇಟ್ಟುಕೊಂಡಳು. ರುದ್ರಯ್ಯನವರನ್ನು ಹಲಗೆಯ ಪಕ್ಕ ನಿಲ್ಲಿಸಿ ಎಂಟೋ ಹತ್ತೋ ಫೋಟೋ ತೆಗೆದಳು. ಪರದೇಶದ ಹೆಂಗಸಿಗೆ ತಮ್ಮ ಮಾತು ಇಷ್ಟು ನಾಟಿದ್ದನ್ನು ಕಂಡು ರುದ್ರಯ್ಯನವರ ಕಣ್ಣು ಒದ್ದೆಯಾಯಿತು. ಅವರಿಗೆ ಇಂಗ್ಲಿಷ್ ಬಾರದು.

ಸೆಪ್ಟೆಂಬರಿನಲ್ಲಿ ಜರ್ಮನಿಯಿಂದ ಒಂದು ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಮಾದರಿಗೆಂದು ಕಳಿಸಿದ ಕಾಫಿ ಪೊಟ್ಟಣಗಳು. ಪೊಟ್ಟಣದ ಮುಂಭಾಗದಲ್ಲಿ ಹಲಗೆ, ಹಲಗೆಯ ಪಕ್ಕ ವಿಭೂತಿ ಧರಿಸಿದ ರುದ್ರಯ್ಯನವರು, ಕೆಳಗೆ ಜರ್ಮನ್ ಭಾಷೆಯಲ್ಲಿ ಪ್ರೀತಿ, ರುಚಿ ಎಂದೇನೋ. ಅಭಿಲಾಷ್ ಎಲ್ಲರಿಗೂ ಮೈಸೂರುಪಾಕು ಹಂಚಿಸಿದ. ಓದು ಬರುವವರು ಪೊಟ್ಟಣ ಓದಿದರು, ಮ್ಯಾನೇಜರ ಮುಖ ನೋಡಿದರು, ಮೈಸೂರುಪಾಕು ಬಾಯಿಗೆ ಹಾಕಿಕೊಂಡರು. ಸಾಹೇಬರಿಗೆ ತಿಳಿಯದ್ದನ್ನು ತಿಳಿಸಿ ಕೆಲಸ ಉಳಿಸಿಕೊಂಡವರು ಆ ವರ್ಕ್ಸಿನಲ್ಲಿ ಯಾರೂ ಇರಲಿಲ್ಲ.

ರುದ್ರಯ್ಯನವರು ಒಂದು ಪೊಟ್ಟಣವನ್ನು ಮನೆಗೆ ತಂದು ದೇವರ ಗೂಡಿನಲ್ಲಿ ಇಟ್ಟರು.

“ನಮ್ಮ ದೇಶದ ಕೋರ್ಟಿಗೆ ಗೊತ್ತಾಗದ ಧರ್ಮ ಜರ್ಮನಿಯೋರಿಗೆ ಗೊತ್ತಾಯ್ತು ನೋಡು.”

ಜಗದಾಂಬ ಪೊಟ್ಟಣ ತಿರುಗಿಸಿ ನೋಡಿದರು. “ಅವ್ರಿಗೆ ಕನ್ನಡ ಬತ್ತದಾ?”

“ಧರ್ಮಕ್ಕೆ ಭಾಷೆ ಯಾಕೆ ಬೇಕು?”

“ಹಂಗಾದ್ರೆ ಸರಿ. ಈ ಕಡೆ ತಿರುಗಿಸಿ ಇಡ್ತೀನಿ. ದೇವ್ರಿಗೆ ಕನ್ನಡ ಬತ್ತದೆ.” ಬರಹ ಗೋಡೆಯ ಕಡೆಗೆ ಹೋಯಿತು.

ಪೊಟ್ಟಣ ಜರ್ಮನಿಯ ಅಂಗಡಿಗಳಿಗೆ ಹೋದ ಹನ್ನೊಂದನೆಯ ದಿನ ಅಲ್ಲೇ ಓದುತ್ತಿದ್ದ ಯಾರೋ ಕನ್ನಡದ ಹುಡುಗಿ ಅಂಗಡಿಯಲ್ಲಿ ಆ ಪೊಟ್ಟಣ ಕೈಗೆತ್ತಿಕೊಂಡಳು. ತಾಯ್ನುಡಿ ಕಂಡ ಸಂತೋಷದಲ್ಲಿ ಪೂರ್ತಿ ಓದಿದಳು. ಆಮೇಲೆ ಕಂಪನಿಗೆ ಪತ್ರ ಬರೆದಳು. ಕಂಪನಿ ಪೊಟ್ಟಣಗಳನ್ನೆಲ್ಲ ಅಂಗಡಿಗಳಿಂದ ಹಿಂದಕ್ಕೆ ತರಿಸಿಕೊಂಡು ಅಭಿಲಾಷನಿಗೆ ಒಂದು ಇ-ಮೇಲ್ ಕಳಿಸಿತು. ಅವನು ಅದನ್ನು ಮೂರು ಸಲ ಓದಿ, ರುದ್ರಯ್ಯನವರನ್ನು ಕರೆಸಿದ.

“ಏನ್ರೀ ಬರ್ದಿದ್ರಿ ಅವತ್ತು?”

“ಎಲ್ಲಾರೂ ಓದಿದ್ರಲ್ಲ ಸಾರ್. ತಾವೇ ಮೈಸೂರುಪಾಕು ಹಂಚಿದ್ರಿ.”

“ನನಗ್ಯಾಕೆ ಯಾರೂ ಹೇಳ್ಲಿಲ್ಲ?”

“ತಾವೇ ಆ ಅಮ್ಮಂಗೆ ಓದಿ ಹೇಳಿದ್ರಿ, ಸಾರ್.”

ಅಭಿಲಾಷ್ ಕೆಂಪಾದ. ಬಾಗಿಲು ಹಾಕಿ ಬಂದು ದನಿ ತಗ್ಗಿಸಿದ. “ನೋಡಿ, ಅಂಥೋರನ್ನ ಕಂಡ್ರೆ ನನಗೂ ಆಗಲ್ಲ. ದೊಡ್ಡಪ್ಪಂಗೂ ಆಗಲ್ಲ. ಆದ್ರೆ ನಾವು ಅದನ್ನ ಬೋರ್ಡ್ ಮೇಲೆ ಬರೀತೀವಾ? ಕ್ಲಬ್ಬಲ್ಲಿ ಮಾತಾಡ್ಕೋತೀವಿ.”

“ನಾನು ಕ್ಲಬ್ಬಿಗೆ ಹೋಗಲ್ಲ ಸಾರ್. ನಂಗಿರೋದು ಹಲಗೆ ಒಂದೇ. ಧರ್ಮ ಹೇಳಿದ್ದು ತಪ್ಪಾ?”

“ತಪ್ಪೋ ಸರಿಯೋ ನನಗೆ ಬೇಡ. ಕೊಳ್ಳೋರು ಬಿಟ್ಟೋದ್ರೆ ಧರ್ಮ ಬಂದು ಕಾಫಿ ಕೊಳ್ಳುತ್ತಾ?”

ಸಂಜೆ ಅಮಾನತಿನ ಪತ್ರ ಕೈಗೆ ಬಂತು. ಈ ಸಂಸ್ಥೆಯು ಸಕಲ ಮನುಷ್ಯರ ಸಮಾನತೆಯನ್ನು ಮೊದಲಿನಿಂದಲೂ ಎತ್ತಿ ಹಿಡಿದಿದೆ ಎಂದು ಅದರಲ್ಲಿತ್ತು. ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ ಕೊಡುತ್ತಿದ್ದ ವರ್ಕ್ಸಿಗೆ ಈ ಸುದ್ದಿ ತಿಳಿದದ್ದು ಅದೇ ಮೊದಲು. ಪತ್ರ ಇಂಗ್ಲಿಷಿನಲ್ಲಿದ್ದುದರಿಂದ ಹೆಚ್ಚು ಜನಕ್ಕೆ ತಿಳಿಯಲೂ ಇಲ್ಲ.

ಎರಡೇ ದಿನದಲ್ಲಿ ರುದ್ರಯ್ಯನವರು ಹುತಾತ್ಮರಾದರು. ಊರಿನ ವಾರಪತ್ರಿಕೆಯ ಸಂಪಾದಕ ಅಣ್ಣಯ್ಯ ‘ಮಾತಿನ ಹಕ್ಕು ಹೋರಾಟ ಸಮಿತಿ’ ಕಟ್ಟಿ ತಾನೇ ಅಧ್ಯಕ್ಷನಾದ. ಬಸ್ ನಿಲ್ದಾಣದ ಎದುರಿಗೆ ಶಾಮಿಯಾನ, ಮೈಕು, ಹಾರ. ಎಲ್ಲ ಸರಿಯಾಗಿತ್ತು; ಒಂದೇ ತೊಡಕು. ಯಾವ ಮಾತಿಗಾಗಿ ಹೋರಾಟವೋ ಆ ಮಾತನ್ನು ಮೈಕಿನಲ್ಲಿ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಮುಂದಿನ ಸಾಲಿನಲ್ಲಿ ಹೆಂಗಸರು ಕುಳಿತಿದ್ದರು.

“ರುದ್ರಯ್ಯನೋರು ಏನು ಬರೆದ್ರು ಅನ್ನೋದನ್ನ ನಾನಿಲ್ಲಿ ಬಾಯಿ ಬಿಟ್ಟು ಹೇಳೋಕಾಗಲ್ಲ,” ಎಂದು ಅಣ್ಣಯ್ಯ ಗುಡುಗಿದ. “ಆದ್ರೆ ಅದನ್ನ ಬಾಯಿ ಬಿಟ್ಟು ಹೇಳೋ ಹಕ್ಕಿಗಾಗಿ ಪ್ರಾಣ ಕೊಡೋಕೂ ತಯಾರಿದೀವಿ!”

ಚಪ್ಪಾಳೆ ಬಿತ್ತು. ಹಿಂದೆ ನಿಂತಿದ್ದ ಆಟೋದವರು ಏನು ಬರೆದರಂತೆ, ಏನು ಬರೆದರಂತೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು. ರುದ್ರಯ್ಯನವರು ಹಾರ ಹಾಕಿಸಿಕೊಂಡು ಕುಳಿತಿದ್ದರು. ಐವತ್ತಮೂರು ವರ್ಷದಲ್ಲಿ ಮದುವೆಯ ದಿನ ಬಿಟ್ಟರೆ ಅವರಿಗೆ ಹಾರ ಬಿದ್ದದ್ದು ಅಂದೇ.

ಅಮಾನತು ರದ್ದು ಮಾಡಬೇಕೆಂದು ಮನವಿ ತಯಾರಾಯಿತು. ಕೆಲಸಗಾರರ ಸಹಿ ಬೇಕು. ರುದ್ರಯ್ಯನವರು ಸಂಜೆ ಗೇಟಿನ ಹೊರಗೆ ನಿಂತು, ಹೊರಗೆ ಬರುತ್ತಿದ್ದ ಹೆಂಗಸರ ಮುಂದೆ ಕಾಗದ ಹಿಡಿದರು. ಮೊದಲು ಸಿಕ್ಕಿದವಳು ಚೌಡಮ್ಮ.

“ಎಂತದಕ್ಕೆ ಸಾಮಿ ಇದು?”

“ಮನಸಿಗೆ ಬಂದಿದ್ದನ್ನ ಬರೆದಿದ್ದಕ್ಕೆ ಕೆಲಸದಿಂದ ತೆಗೆದವ್ರಲ್ಲ ಚೌಡಮ್ಮ, ಅದು ಅನ್ಯಾಯ ಅಂತ.”

“ಅಯ್ಯೋ, ಭಾರಿ ಅನ್ಯಾಯ!” ಎಂದಳು ಚೌಡಮ್ಮ ಸೊಂಟದ ಮೇಲೆ ಕೈಯಿಟ್ಟು. “ಆರು ವರ್ಸದ್ ಹಿಂದೆ ನಿಮ್ ಬರವಣಿಗೆ ಕೆಳಗೆ ನಾನೂ ಒಂದು ಸಾಲು ಬರ್ದಿದ್ದೆ. ಹೆಣ್ಣಾಳುಗಳ ಕಕ್ಕಸಿಗೆ ಬಾಗಿಲು ಹಾಕ್ಸಿ ಅಂತ. ನೆಪ್ಪೈತಾ? ಒರೆಸಿ, ಒಳಗೆ ಹೋಗಿ ಹೇಳ್ಬುಟ್ಟು ಬಂದ್ರಿ. ಹದಿನೈದು ದಿನ ಗೇಟು ಹತ್ರ ಸೇರಿಸ್ಲಿಲ್ಲ ನನ್ನ.”

“ಅದು ಬೇರೆ. ಅದು ಸುಭಾಷಿತದ ಹಲಗೆ.”

“ಹೂಂ. ನಂದು ಕಕ್ಕಸು, ನಿಮ್ದು ಕೈಲಾಸ. ಬರ್ತೀನಿ ಸಾಮಿ, ಬಸ್ಸೋಗ್ಬುಡ್ತದೆ.”

ಅವಳ ಹಿಂದೆ ಬಂದವರೆಲ್ಲರಿಗೂ ಅಂದು ಬಸ್ಸಿಗೆ ಹೊತ್ತಾಗಿತ್ತು. ಈ ಜನಕ್ಕೆ ಸ್ವಾತಂತ್ರ್ಯದ ಬೆಲೆ ತಿಳಿಯದು ಎಂದು ರುದ್ರಯ್ಯನವರು ಮರುಗಿದರು.

ಭಾನುವಾರ ಮಾರನಹಳ್ಳಿಗೆ ಹೋದರು, ದಾಸಯ್ಯನ ಮನೆಗೆ. ಹೆದ್ದಾರಿಯ ಪಕ್ಕದ ಆ ಮನೆಯಲ್ಲಿ ದಾಸಯ್ಯ ಹತ್ತೊಂಬತ್ತು ವರ್ಷದಿಂದ ಶಾಂತಮಲ್ಲಪ್ಪ ಎಂಬ ಪಂಕ್ಚರ್ ಅಂಗಡಿಯವರ ಜೊತೆ ಇದ್ದರು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಬಾಡಿಗೆ ಹಂಚಿಕೊಳ್ಳಲು ಒಟ್ಟಿಗೆ ಇದ್ದಾರೆ ಎಂದು ರುದ್ರಯ್ಯನವರು ತಿಳಿದಿದ್ದರು. ಮನೆ ಶಾಂತಮಲ್ಲಪ್ಪನವರ ಸ್ವಂತದ್ದು ಎಂದು ಗೊತ್ತಿದ್ದೂ ಹಾಗೆಯೇ ತಿಳಿದಿದ್ದರು.

ದಾಸಯ್ಯ ಜಗಲಿಯ ಮೇಲೆ ಕುಳಿತು ಮನವಿಯನ್ನು ಒಂದು ಅಕ್ಷರ ಬಿಡದೆ ಓದಿದರು. ಪೆನ್ನು ಕೇಳಿ ತೆಗೆದುಕೊಂಡು ಸಹಿ ಹಾಕಿದರು.

“ನಂಗೊತ್ತಿತ್ತು ಮಾರಾಯ,” ಎಂದರು ರುದ್ರಯ್ಯನವರು ಉಬ್ಬಿ. “ನೀನೊಬ್ಬನಾದ್ರೂ ನನ್ ಮಾತು ಒಪ್ತೀಯ ಅಂತ.”

“ನಿಮ್ ಮಾತು ನಾನು ಒಪ್ಪಲಿಲ್ಲ ಕಣ್ರೀ.” ದಾಸಯ್ಯ ಪೆನ್ನಿನ ಮುಚ್ಚಳ ಹಾಕಿದರು. “ನೀವು ಬರೆದಿದ್ದು ನನ್ ಬಗ್ಗೆ. ನನ್ ಬಗ್ಗೆ, ಒಳಗೆ ಸೊಪ್ಪು ಸೋಸ್ತಾ ಕೂತವ್ರಲ್ಲ, ಅವ್ರ ಬಗ್ಗೆ. ನಾವಿಬ್ರೂ ಇಲ್ಲಿ ಬಾಡಿಗೆಗೆ ಒಟ್ಟಿಗಿಲ್ಲ. ನೀವೂ ಜಗದಾಂಬಮ್ಮನೂ ಹೆಂಗಿದೀರೋ ಹಂಗಿದೀವಿ.”

ಒಂದು ಲಾರಿ ಘಾಟಿಯ ಕಡೆಗೆ ಇಳಿದುಹೋಯಿತು. ರುದ್ರಯ್ಯನವರಿಗೆ ಮೊದಲು ಬಂದ ಯೋಚನೆ, ಇಪ್ಪತ್ತು ವರ್ಷ ಈ ಮನುಷ್ಯನ ಪಕ್ಕ ಕುಳಿತು ಉಂಡೆನಲ್ಲ ಎಂದು. ಎರಡನೆಯದು, ಸಹಿ ಹೇಗೂ ಬಿದ್ದಾಯಿತು ಎಂದು. ಮೂರನೆಯದು ಒಂದು ಬರಬೇಕಿತ್ತು, ಬರಲಿಲ್ಲ.

“ಮತ್ತೆ ಸಹಿ ಯಾಕೆ ಹಾಕ್ದೆ?”

“ಬರೆದಿದ್ದಕ್ಕೆ ಅನ್ನ ಕಿತ್ಕೊಂಡ್ರೆ ನಾಳೆ ಇನ್ನೊಬ್ರದ್ದೂ ಕಿತ್ಕೋತಾರೆ. ಚೌಡಮ್ಮಂದು ಕಿತ್ಕೊಂಡಾಗ ನಾನು ತುಟಿ ಬಿಚ್ಚಲಿಲ್ಲ. ಅದು ಹೊಟ್ಟೇಲಿ ಹಂಗೇ ಐತೆ. ನಿಮ್ ಕೆಲ್ಸ ನಿಮಗೆ ಸಿಗ್ಲಿ. ಆದ್ರೆ ಇನ್ಮೇಲೆ ಊಟಕ್ಕೆ ನನ್ ಪಕ್ಕ ಕೂತ್ಕೋಬೇಡಿ.”

“ಕಾಫಿ ಕುಡೀತಾರಾ ಕೇಳು,” ಎಂದು ಶಾಂತಮಲ್ಲಪ್ಪನವರ ದನಿ ಒಳಗಿನಿಂದ ಬಂತು.

“ಬೇಡ, ಬಸ್ಸು ಬರೋ ಹೊತ್ತು,” ಎಂದು ರುದ್ರಯ್ಯನವರು ಎದ್ದರು. ಬಸ್ಸು ಬಂದದ್ದು ಒಂದು ಗಂಟೆಯ ಮೇಲೆ. ಅಷ್ಟು ಹೊತ್ತೂ ಅವರು ಹೆದ್ದಾರಿಯ ಆಚೆ ಬದಿಯಲ್ಲಿ ಆ ಮನೆಗೆ ಬೆನ್ನು ಮಾಡಿ ನಿಂತಿದ್ದರು.

ಮನವಿಗೆ ಬಿದ್ದ ಕೆಲಸಗಾರರ ಸಹಿ ಅದೊಂದೇ. ಸಮಿತಿಯ ಅಧ್ಯಕ್ಷ ಅಣ್ಣಯ್ಯನ ಪತ್ರಿಕೆಗೆ ಆ ವಾರವೇ ವರ್ಕ್ಸಿನಿಂದ ದೀಪಾವಳಿಯ ಪೂರ್ತಿ ಪುಟದ ಜಾಹೀರಾತು ಬಂತು. ಪ್ರಾಣ ಕೊಡುವ ಕಾರ್ಯಕ್ರಮವನ್ನು ಹಬ್ಬದ ನಂತರ ನೋಡಿಕೊಳ್ಳೋಣ ಎಂದು ಅವನು ಶಾಮಿಯಾನ ಕಳಚಿಸಿದ. ಮನವಿಯನ್ನು ಮ್ಯಾನೇಜರಿಗೆ ತಲುಪಿಸುವವರೂ ಇಲ್ಲದೆ ದಾಸಯ್ಯನೇ ಒಯ್ದರು.

“ಹಲಗೆ ಮೇಲೆ ಬಂದಿದ್ದು ನನ್ನಂತೋರ ಬಗ್ಗೆ ಸಾರ್,” ಎಂದು ನೇರವಾಗಿ ಹೇಳಿದರು. “ನನಗೆ ನೋವಾಗೈತೆ. ಆದ್ರೂ ಅವ್ರನ್ನ ಕೆಲಸದಿಂದ ತೆಗೀಬೇಡಿ ಅಂತ ನಾನೇ ಕೇಳ್ಕೋತೀನಿ.”

ಅಭಿಲಾಷನ ಕಣ್ಣು ಅರಳಿತು. ಸಮಾನತೆಯನ್ನು ಎತ್ತಿ ಹಿಡಿದಿದ್ದಕ್ಕೆ ಏನು ಸಾಕ್ಷಿ ಎಂದು ಜರ್ಮನಿಯವರು ವಾರದಿಂದ ಕೇಳುತ್ತಿದ್ದರು. ಸಾಕ್ಷಿ ತಾನಾಗಿ ನಡೆದು ಬಂದು ಮೇಜಿನ ಎದುರು ನಿಂತಿತ್ತು. ಅಂದೇ ಇ-ಮೇಲ್ ಹೋಯಿತು: ನಮ್ಮಲ್ಲಿ ಅಂಥ ನೌಕರನೂ ಇದ್ದಾನೆ, ಅವನು ಕ್ಷಮಿಸಿಯೂ ಇದ್ದಾನೆ. ಕ್ಷಮೆ ಎಂದ ಮೇಲೆ ಕ್ಷಮೆ ಪಡೆದವನೂ ಬೇಕಲ್ಲ. ಹಾಗಾಗಿ ರುದ್ರಯ್ಯನವರ ಅಮಾನತು ರದ್ದಾಯಿತು. ಹಲಗೆ ಕಿತ್ತು ಗೋದಾಮಿಗೆ ಹಾಕಿಸಿದರು. ಹೆಂಗಸರ ಕಕ್ಕಸಿಗೂ, ಜರ್ಮನಿಯಿಂದ ತಪಾಸಣೆಯವರು ಬರುವ ಸುಳಿವಿದ್ದುದರಿಂದ, ಬಾಗಿಲು ಬಂತು.

ಜರ್ಮನಿಯಿಂದ ಸಂತೋಷದ ಉತ್ತರ ಬಂತು. ಹೊಸ ಪೊಟ್ಟಣಕ್ಕೆ ಆ ಇಬ್ಬರೂ ಕೈ ಕುಲುಕುವ ಫೋಟೋ ಬೇಕಂತೆ. ರುದ್ರಯ್ಯನವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ಪೊಟ್ಟಣದ ಮೇಲೆ ಒಂದು ಸಲ ಹೋದವರಿಗೆ ಇನ್ನೊಂದು ಸಲ ಬೇಡವೆನಿಸುವುದಿಲ್ಲ. ದಾಸಯ್ಯ ತೂಕದ ಯಂತ್ರದ ಹಿಂದಿನಿಂದ ಏಳಲಿಲ್ಲ.

“ಒಂದೇ ಒಂದು ಫೋಟೋ ದಾಸಯ್ಯ,” ಎಂದ ಅಭಿಲಾಷ್. “ನೀವು ಎಂಥವ್ರು ಅಂತ ಧೈರ್ಯವಾಗಿ ಹೇಳಿದ್ರಲ್ಲ. ಅದನ್ನೇ ಲೋಕಕ್ಕೆ ಹೇಳೋಣ.”

“ನಿಮಗೆ ಹೇಳಿದ್ದು ಅವ್ರ ಕೆಲ್ಸ ಉಳೀಲಿ ಅಂತ ಸಾರ್. ಕಾಫಿ ಮಾರ್ಲಿ ಅಂತಲ್ಲ.”

“ಮಾತಾಡೋ ಸ್ವಾತಂತ್ರ್ಯ ಕೊಡ್ತಾ ಇದೀವಿ, ಬೇಡ ಅಂತೀರಲ್ರೀ!”

“ಸುಮ್ನಿರೋದನ್ನೂ ಕೊಡಿ ಸಾರ್.”

ಅದನ್ನು ಕೊಡುವ ನಿಯಮ ಇರಲಿಲ್ಲವೆಂದು ಕಾಣುತ್ತದೆ. ಹದಿನೈದು ದಿನಕ್ಕೆ ದಾಸಯ್ಯನಿಗೆ ಆಲೂರಿನ ಆಚೆ ಕುಂದೂರಿನ ಕಾಫಿ ಕೊಳ್ಳುವ ಡಿಪೋಗೆ ವರ್ಗವಾಯಿತು. ನೌಕರನ ಮನಶ್ಶಾಂತಿಯನ್ನು ಗಮನದಲ್ಲಿಟ್ಟುಕೊಂಡು ಎಂದು ಆದೇಶದಲ್ಲಿ ಬರೆದಿತ್ತು. ಮಾರನಹಳ್ಳಿಯಿಂದ ಅಲ್ಲಿಗೆ ದಿನಾ ಮೂರು ಬಸ್ಸು ಬದಲಾಯಿಸಬೇಕು.

“ಈಗ ನೀವು ಹೋಗಿ ಹೇಳಿ,” ಎಂದರು ಜಗದಾಂಬ. “ನಿಮಗೆ ಸಹಿ ಹಾಕ್ದೋರು ಅವ್ರೊಬ್ರೇ. ಮಾತಿನ ಹಕ್ಕು ಅಂತ ಹಾರ ಬೇರೆ ಹಾಕ್ಸ್ಕೊಂಡ್ ಬಂದಿದೀರಿ.”

ರುದ್ರಯ್ಯನವರು ಹೋದರು. ದಾರಿಯುದ್ದಕ್ಕೂ ಎರಡು ಒಳ್ಳೆಯ ವಾಕ್ಯ ಕಟ್ಟಿಕೊಂಡರು, ಪ್ರಾಸವೂ ಕೂಡಿಬಂತು. ಮ್ಯಾನೇಜರ ಬಾಗಿಲಲ್ಲಿ ನಿಂತರು.

“ಏನು ರುದ್ರಯ್ಯನೋರೇ?”

“ಏನಿಲ್ಲ ಸಾರ್.” ಗಂಟಲು ಸರಿಮಾಡಿಕೊಂಡರು. “ಗೇಟಿನ ದೀಪ ಹೋಗೈತೆ. ಅದನ್ನ ಹೇಳಾನ ಅಂತ.”

ಮನೆಯಲ್ಲಿ ಮಾತ್ರ, ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ ಎಂದರು. ಜಗದಾಂಬ ಅವರ ಮುಖ ನೋಡಿ, ಎದ್ದು ತಟ್ಟೆ ಹಾಕಿದರು.

ದಾಸಯ್ಯ ಕುಂದೂರಿಗೆ ಮೂರು ತಿಂಗಳು ಓಡಾಡಿ ಕೆಲಸ ಬಿಟ್ಟರು. ಪಂಕ್ಚರ್ ಅಂಗಡಿಯ ಮಗ್ಗುಲಿಗೆ ತಗಡಿನ ಮಾಡು ಇಳಿಸಿ ಇಬ್ಬರೂ ಒಂದು ಊಟದ ಹೋಟೆಲು ತೆರೆದರು. ಶಾಂತಮಲ್ಲಪ್ಪನವರು ಒಲೆಯ ಮುಂದೆ, ದಾಸಯ್ಯ ಬಡಿಸಲು. ಘಾಟಿ ಹತ್ತಿ ಬರುವ ಲಾರಿಗಳು ಮೊದಲು ನಿಲ್ಲತೊಡಗಿದವು, ಆಮೇಲೆ ಬಸ್ಸುಗಳು. ಯಾರು ಯಾರನ್ನು ಕೂಡಿದ್ದಾರೆ ಎಂದು ಅನ್ನಕ್ಕೆ ಕುಳಿತ ಡ್ರೈವರುಗಳು ಕೇಳಿದಂತೆ ಕಾಣಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ರುದ್ರಯ್ಯನವರೂ ಜಗದಾಂಬ ಅವರೂ ಧರ್ಮಸ್ಥಳಕ್ಕೆ ಹೊರಟರು. ಬಸ್ಸು ಮಾರನಹಳ್ಳಿಯಲ್ಲಿ ಆ ಹೋಟೆಲಿನ ಮುಂದೆಯೇ ನಿಂತಿತು. ಕಂಡಕ್ಟರು ಊಟಕ್ಕೆ ಇಪ್ಪತ್ತು ನಿಮಿಷ ಎಂದ. ಜಗದಾಂಬ ಎದ್ದರು.

“ನಂಗೆ ಹಸಿವಿಲ್ಲ,” ಎಂದರು ರುದ್ರಯ್ಯನವರು.

ಹೆಂಡತಿ ಇಳಿದು ಹೋದರು. ಬಸ್ಸು ಖಾಲಿಯಾಯಿತು. ಒಗ್ಗರಣೆಯ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ದಾಸಯ್ಯ ಹೆಗಲ ಮೇಲಿನ ಟವೆಲಿನಿಂದ ಕೈ ಒರೆಸಿಕೊಳ್ಳುತ್ತ ಕಿಟಕಿಯ ಕೆಳಗೆ ಬಂದು ನಿಂತರು. ತಲೆ ಇನ್ನಷ್ಟು ನರೆತಿತ್ತು, ಮೈ ಸ್ವಲ್ಪ ತುಂಬಿಕೊಂಡಿತ್ತು.

“ಊಟ ಮಾಡಲ್ವಾ ರುದ್ರಯ್ಯನೋರೆ?”

“ಇಲ್ಲ... ಸೋಮವಾರ. ಉಪವಾಸ.”

“ಇವತ್ತು ಮಂಗಳವಾರ ಕಣ್ರೀ.”

ರುದ್ರಯ್ಯನವರು ಏನಾದರೂ ಹೇಳಬೇಕಿತ್ತು. ಬಾಯಿ ತೆರೆದರು ಕೂಡ. ಅಷ್ಟರಲ್ಲಿ ಒಳಗಿನಿಂದ ಯಾರೋ ಸಾರು ಕೇಳಿದರು. ದಾಸಯ್ಯ ಇನ್ನೊಂದು ಗಳಿಗೆ ಕಾದು ನೋಡಿ ಹೊರಟುಹೋದರು.

ಬಸ್ಸು ಘಾಟಿಗೆ ಇಳಿಯತೊಡಗಿದಾಗ ರುದ್ರಯ್ಯನವರು ಹೆಂಡತಿಯ ಕಡೆ ನೋಡದೆ ಕೇಳಿದರು, “ಏನೇನ್ ಮಾಡಿದ್ರು?”

“ಹುರುಳಿಕಾಳು ಬಸ್ಸಾರು, ಸೊಪ್ಪಿನ ಪಲ್ಯ,” ಎಂದರು ಜಗದಾಂಬ. ಸೆರಗಿನಿಂದ ಬಾಯಿ ಒರೆಸಿಕೊಂಡು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು. ಧರ್ಮಸ್ಥಳ ಇನ್ನೂ ಎರಡು ಗಂಟೆಯ ದಾರಿ.